ಭಾನುವಾರದ ಸಂಡೂರು ಸವಾರಿಗೆ ಮುಂಚೆ ಚೈನ್ ನೋಡ್ಕೊಳ್ಳಿ

ಎಲ್ಲರಿಗೂ ನಮಸ್ಕಾರ್ರೀ. ಭಾನುವಾರ ಬೆಳಿಗ್ಗೆ 5:30ಕ್ಕೆ ಬಳ್ಳಾರಿಯಿಂದ ಸಂಡೂರಿಗೆ ಹೊರಡೋರೆಲ್ಲ ಗುರುವಾರದೊಳಗೆ ಸೈಕಲ್ ಚೈನ್ ನೋಡ್ಕೊಳ್ಳಿ. ಆ ದಾರಿಯ ಅದಿರಿನ ಕೆಂಪು ದೂಳು ಎಣ್ಣೆಗೆ ಕಲೆತರೆ ಚೈನಿನ ಕೊಂಡಿಗಳನ್ನು ಜೋಡಿಸೋ ಪಿನ್ನು ಸಾಣೆ ಹಿಡಿದಂಗೆ ಸವೆಯುತ್ತೆ.

ಮೊದಲು ಸೀಮೆಎಣ್ಣೆ, ಹಳೇ ಹಲ್ಲುಜ್ಜೋ ಬ್ರಷ್ ತಗೊಂಡು ಉಜ್ಜಿ, ಒರೆಸಿ, ಪೂರ್ತಿ ಒಣಗಲಿ. ಆಮೇಲೆ ಅಳತೆ. ಸ್ಟೀಲ್ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಡಿ. ಆ ಪಿನ್ ಬಿಟ್ಟು ಎಣಿಸಿದರೆ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು, ಚೈನ್ ಬಿಗಿಯಾಗಿ ಎಳೆದಿರಲಿ. ಆ 12 ಇಂಚಿನ ಗೆರೆಯನ್ನು 1/16 ಇಂಚು, ಅಂದರೆ ಸುಮಾರು ಒಂದೂವರೆ ಮಿ.ಮೀ. ದಾಟಿದ್ದರೆ ಹೊಸದು ಹಾಕಿಸಿ. 1/8 ಇಂಚು ದಾಟಿದ್ದರೆ ಹಿಂದಿನ ಚಕ್ರದ ಗೇರ್ ಹಲ್ಲುಗಳೂ ಸವೆದಿರೋದೇ ಹೆಚ್ಚು. ಬರೀ ಚೈನ್ ಬದಲಿಸಿದರೆ ಏರಿನಲ್ಲಿ ಪೆಡಲ್ ಒತ್ತಿದಾಗ ಜಾರುತ್ತೆ.

ಎಣ್ಣೆ ಒಂದೊಂದು ರೋಲರ್‌ಗೆ (ಪಿನ್ನಿನ ಸುತ್ತ ತಿರುಗೋ ಉರುಳೆ) ಒಂದೇ ಹನಿ. ಪೆಡಲ್ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಒರೆಸಿಬಿಡಿ. ಗ್ರೀಸ್, ಬೈಕಿನ ಹಳೇ ಎಂಜಿನ್ ಆಯಿಲ್ ಬೇಡವೇ ಬೇಡ. ಚೈನ್ ಹೊಳೆಯುತ್ತೆ, ದೂಳನ್ನೂ ಎಳಕೊಳ್ಳುತ್ತೆ.

ಹೊಸ ಚೈನ್ ಬೇಕಾದೋರು ಹಿಂದಿನ ಗೇರ್ ಎಷ್ಟು, 7ಓ 8ಓ 9ಓ, ಇಲ್ಲೇ ಹಾಕ್ರಿ. ಶುಕ್ರವಾರ ಒಟ್ಟಿಗೇ ತರಿಸೋಣ. ನೋಡಿ ಮುಗಿಸಿದೋರು ‘ಆಯ್ತು’ ಅಂತ ಬರೀರಿ.