ಚಾಸಿಸ್ ನಂಬರ್ ಕೇಳೋದು ನಿಲ್ಲಿಸಿ ಸಾರ್: ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರ ಸಾರ್. ನಾನು ದಾವಣಗೆರೆಯವಳು. ಮನೆಯ ಮುಂದಿನ ರೂಮಿನಲ್ಲೇ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸ್, ಚೂಡಿದಾರ್, ಜೂನ್ ಹತ್ತಿರ ಬಂದರೆ ಸ್ಕೂಲ್ ಯೂನಿಫಾರ್ಮ್. ಮಂತ್ರಿಗಳಿಗೆ ಕಾಗದ ಬರೆಯುವ ಅಭ್ಯಾಸ ನನಗಿಲ್ಲ. ಒಂದು ವರ್ಷದ ಮೇಲೆ ಸುಮ್ಮನಿದ್ದೆ. ಮೊನ್ನೆ ಮತ್ತೊಂದು ಚಲನ್ ಬಂತು. ಇನ್ನು ಸುಮ್ಮನಿರಲು ನನ್ನಿಂದ ಆಗಲ್ಲ.

ನೀವು ಪೂರ್ತಿ ಓದುತ್ತೀರೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಗಾಡಿಗೆ ಸಂಬಂಧಿಸಿದ ಆನ್‌ಲೈನ್ ಕೆಲಸ ಏನೇ ಇದ್ದರೂ ಮಾಲೀಕರ ಮೊಬೈಲಿಗೆ ಒಟಿಪಿ ಕಳಿಸಿ. ಚಾಸಿಸ್ ನಂಬರ್ ಕೇಳಬೇಡಿ. ಬೇರೆಯವರು ಕೇಳಲೂ ಬಿಡಬೇಡಿ. ಚಾಸಿಸ್ ನಂಬರ್ ಅಂದರೆ ಗೊತ್ತಲ್ಲ, ಗಾಡಿಯ ಚೌಕಟ್ಟಿನ ಮೇಲೆ ಕೊರೆದಿರುವ ಹದಿನೇಳು ಅಕ್ಷರ, ಅಂಕೆಗಳ ಗುರುತು.

ನನ್ನದು 2018ರ ಸ್ಕೂಟರ್. ಯಜಮಾನರು ನನ್ನ ಹೆಸರಿಗೇ ಕೊಡಿಸಿದ್ದು. ಅವರು ತೀರಿಕೊಂಡು ಆರು ವರ್ಷ ಆಯಿತು. ಹೋದ ವರ್ಷ ಸಂಕ್ರಾಂತಿ ಆದ ಮೇಲೆ ಕೈಯಲ್ಲಿ ದುಡ್ಡಿರಲಿಲ್ಲ, ಗಾಡಿ ಮಾರೋಣ ಅಂದುಕೊಂಡು ಹಳೆ ಗಾಡಿ ಮಾರುವ ಒಂದು ವೆಬ್‌ಸೈಟಿನಲ್ಲಿ ಹಾಕಿದೆ. ಅದು ಒಂದೊಂದಾಗಿ ಕೇಳುತ್ತಾ ಹೋಯಿತು. ಮುಂದಿನಿಂದ ಫೋಟೋ, ಹಿಂದಿನಿಂದ ಫೋಟೋ, ಆರ್‌ಸಿ ಕಾರ್ಡಿನ ಎರಡೂ ಬದಿ, ಚಾಸಿಸ್ ನಂಬರ್ ಹತ್ತಿರದಿಂದ. ಎಲ್ಲ ಹಾಕಿದರೆ ಬೇಗ ಮಾರಾಟವಾಗುತ್ತದೆ ಅಂತ ಹಸಿರು ಅಕ್ಷರದಲ್ಲಿ ತೋರಿಸುತ್ತಿತ್ತು.

ಚಾಸಿಸ್ ನಂಬರ್ ಕೊರೆದ ಜಾಗ ಕೆಸರು, ಗ್ರೀಸಿನಲ್ಲಿ ಮುಚ್ಚಿಹೋಗಿತ್ತು. ಕತ್ತರಿಸಿ ಉಳಿದಿದ್ದ ಲೈನಿಂಗ್ ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಹಾಕಿ ಉಜ್ಜಿದೆ. ಆದರೂ ಫೋಟೋದಲ್ಲಿ ಸರಿಯಾಗಿ ಬೀಳಲಿಲ್ಲ. ಆಮೇಲೆ ಬಟ್ಟೆಗೆ ಗುರುತು ಹಾಕುವ ನನ್ನ ಚಾಕ್‌ಪೀಸನ್ನೇ ಅದರ ಮೇಲೆ ಎಳೆದೆ. ಚಾಕ್‌ಪೀಸಿನ ಪುಡಿ ಕೊರೆದ ಗೆರೆಗಳೊಳಗೆ ಕೂತು ಹದಿನೇಳಕ್ಕೆ ಹದಿನೇಳೂ ಬೆಳ್ಳಗೆ ಎದ್ದು ಕಂಡವು. ನನ್ನ ಬುದ್ಧಿವಂತಿಕೆಗೆ ನಾನೇ ಖುಷಿಪಟ್ಟೆ ಸಾರ್. ಕಳ್ಳನಿಗೆ ಅಷ್ಟು ಚೆಂದಾಗಿ ಯಾರೂ ಬರೆದುಕೊಟ್ಟಿರಲಿಕ್ಕಿಲ್ಲ.

ಎರಡನೇ ದಿನವೇ ರಾತ್ರಿ ಒಂಬತ್ತೂವರೆಗೆ ಬಾಗಿಲು ಬಡಿದ ಸದ್ದು. ಯಾರೋ ಗಂಡಸು, 'ಗಾಡಿ ನೋಡೋಕೆ ಬಂದೆ ಮೇಡಂ' ಅಂದ. ಜಾಹೀರಾತಿನಲ್ಲಿ ನಾನು ಬರೀ ದಾವಣಗೆರೆ ಅಂತ ಹಾಕಿದ್ದೆ. ಅಡ್ರೆಸ್ ಎಲ್ಲಿ ಸಿಕ್ಕಿತು ಅಂದರೆ, 'ಆರ್‌ಸಿಲಿ ಇತ್ತಲ್ಲ' ಅಂದ. ಹೌದು, ಇತ್ತು. ನನ್ನ ಹೆಸರು, ಯಜಮಾನರ ಹೆಸರು, ಮನೆ ನಂಬರ್, ಕ್ರಾಸ್, ಎಲ್ಲವೂ. ಮನೆಯಲ್ಲಿ ನಾನು, ಅಮ್ಮ, ಪಿಯುಸಿ ಓದುವ ಮಗಳು. ಅವತ್ತು ರಾತ್ರಿ ಬಾಗಿಲಿಗೆ ಹೊಲಿಗೆ ಮೆಷಿನ್ ಅಡ್ಡ ಇಟ್ಟು ಮಲಗಿದೆವು. ಹನ್ನೊಂದು ದಿನಕ್ಕೆ ಜಾಹೀರಾತು ತೆಗೆದೆ. ಗಾಡಿ ಮಾರಲೂ ಇಲ್ಲ, ಮಗಳು ಅಪ್ಪ ಕೊಡಿಸಿದ್ದು ಬೇಡ ಅಂದಳು.

ಗಾಡಿಗಳ ವಿವರ ತೋರಿಸುವ ಕೇಂದ್ರ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಯಾರದಾದರೂ ಗಾಡಿ ನಂಬರ್ ಹಾಕಿದರೆ ಮಾಲೀಕರ ಹೆಸರು ಪೂರ್ತಿ ಬರಲ್ಲ. ಮಧ್ಯೆ ನಕ್ಷತ್ರ ಹಾಕಿ ಮುಚ್ಚಿರುತ್ತಾರೆ. ಒಳ್ಳೆಯದು. ಆದರೆ ಅದೇ ಹೆಸರಿನ ಆರ್‌ಸಿ ಕಾರ್ಡು ಊರವರ ಫೋನಿನಲ್ಲೆಲ್ಲ ಓಡಾಡುತ್ತಿದ್ದರೆ ಆ ನಕ್ಷತ್ರ ಯಾವ ಪುರುಷಾರ್ಥಕ್ಕೆ?

ಮೇ ತಿಂಗಳಲ್ಲಿ ಮೊದಲ ಚಲನ್ ಬಂತು. ಬೆಂಗಳೂರಿನಲ್ಲಿ ಹೆಲ್ಮೆಟ್ ಇಲ್ಲದೆ ಓಡಿಸಿದ್ದಕ್ಕೆ 500 ರೂಪಾಯಿ. ನನ್ನ ಗಾಡಿ ಹರಿಹರ ದಾಟಿದ್ದೇ ಅಪರೂಪ. ಯಾರಿಗೆ ಬೇಕು ಈ ರಗಳೆ ಅಂತ ಕಟ್ಟಿಬಿಟ್ಟೆ. ಅದೇ ದೊಡ್ಡ ತಪ್ಪಂತೆ. 'ಕಟ್ಟಿದ್ದೀರಲ್ಲ ಅಮ್ಮ, ಅಂದ್ರೆ ಒಪ್ಪಿಕೊಂಡ ಹಾಗೆ' ಅಂತ ಆಮೇಲೆ ಹೇಳಿದರು. ಆಗಸ್ಟ್ ಹೊತ್ತಿಗೆ ಒಂಬತ್ತು ಚಲನ್ ಆದವು.

ಚಲನ್ ಜೊತೆ ಬರುವ ಫೋಟೋ ನೋಡಿದೆ. ಅದೇ ಕಂಪನಿ, ಅದೇ ಬಣ್ಣ, ಅದೇ ನಂಬರ್. ಮೇಲೆ ಇಬ್ಬರು ಹುಡುಗರು. ಆದರೆ ನನ್ನ ಗಾಡಿಯ ಸೀಟಿಗೆ ನಾನೇ ಹೊಲಿದ ಕವರ್ ಇದೆ, ಕಂದು ರೆಕ್ಸಿನ್, ಅಂಚಿಗೆ ಕೆಂಪು ಪೈಪಿಂಗ್. ಅದರಲ್ಲಿ ಇರಲಿಲ್ಲ. ಇದನ್ನು ತೋರಿಸಿದರೆ ಫೋನಿನ ಆ ಕಡೆಯವರು, 'ಕವರ್ ತೆಗೆದು ಓಡಿಸಿರಬಹುದಲ್ವಾ? ನಿಮ್ಮ ಯಜಮಾನ್ರಿಗೆ ಫೋನ್ ಕೊಡಿ' ಅಂದರು. ಕೊಡುತ್ತಿದ್ದೆ ಸಾರ್, ಆ ನಂಬರ್ ನನ್ನ ಹತ್ತಿರ ಇದ್ದಿದ್ದರೆ.

ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಠಾಣೆಯಿಂದ ಕರೆ ಬಂತು. ನಿಮ್ಮ ನಂಬರಿನ ಗಾಡಿ ಸಿಕ್ಕಿದೆ, ಚಾಸಿಸ್ ನಂಬರೂ ತಾಳೆ ಆಗುತ್ತಿದೆ, ನಿಮ್ಮ ಹತ್ತಿರ ಇನ್ನೊಂದು ಇದೆ ಅಂತೀರಲ್ಲ, ತಗೊಂಡು ಬನ್ನಿ ಅಂದರು. ದಾವಣಗೆರೆಯಿಂದ ಬೆಂಗಳೂರಿಗೆ 260 ಕಿಲೋಮೀಟರ್. ಪರಿಚಯದ ಟೆಂಪೋದವರು 1,800 ರೂಪಾಯಿಗೆ ಹೇರಿಕೊಂಡು ಬಂದರು. ಅದೂ ದಸರಾ ಮುಂಚೆ, ಕೈ ತುಂಬಾ ಬ್ಲೌಸ್ ಇದ್ದ ವಾರ.

ಠಾಣೆಯ ಹಿಂದೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರು. ಒಬ್ಬ ಹೆಡ್ ಕಾನ್‌ಸ್ಟೇಬಲ್ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ, ಸೆಲ್ಲೋ ಟೇಪ್ ಒತ್ತಿ, ಕಿತ್ತು ಬಿಳಿ ಹಾಳೆಗೆ ಅಂಟಿಸಿದರು. ಮೊದಲು ಅದರದ್ದು, ಕೆಳಗೆ ನನ್ನದು. ಅದೇ ಹದಿನೇಳು, ಅದೇ ಸಾಲು. ಅದರಲ್ಲಿ ಎಂಟರ ಅಂಕೆ ಒಂಚೂರು ವಾಲಿತ್ತು, ಸುತ್ತ ಗ್ರೈಂಡರ್ ಹಿಡಿದು ತಿಕ್ಕಿದ ಗೀರು. ಬಟ್ಟೆ ಮೇಲೆ ಸಾಲು ತಪ್ಪಿದ ಹೊಲಿಗೆ ನನ್ನ ಕಣ್ಣಿಗೆ ತಕ್ಷಣ ಬೀಳುತ್ತದೆ, ಇದೂ ಹಾಗೇ ಬಿತ್ತು. ಹೇಳಿದೆ. 'ಅದನ್ನೆಲ್ಲ ಲ್ಯಾಬಿನವರು ಹೇಳಬೇಕಮ್ಮ' ಅಂದರು.

ಹೇಳಿ, ನನ್ನ ಗಾಡಿಯನ್ನೂ ಇಟ್ಟುಕೊಂಡರು!

ಯಾವುದು ಅಸಲಿ ಅಂತ ತೀರ್ಮಾನ ಆಗುವವರೆಗೆ ಎರಡೂ ಅನುಮಾನದ ಗಾಡಿಗಳೇ ಅಂತೆ. ತಿಕ್ಕಿ ಅಳಿಸಿದ ಜಾಗಕ್ಕೆ ಆಸಿಡ್ ಹಚ್ಚಿದರೆ ಹಳೆಯ ನಂಬರ್ ಮೇಲೆದ್ದು ಬರುತ್ತದೆ, ಕೊರೆದಾಗ ಒಳಗಿನ ಲೋಹವೂ ಅದುಮಿಕೊಂಡಿರುತ್ತದೆ ಅಂತ ಅವರೇ ವಿವರಿಸಿದರು. ಹಾಗೆ ನೋಡಿದಾಗ ಆ ಗಾಡಿ ಬೇರೆ ಜಿಲ್ಲೆಯಲ್ಲಿ ಕಳುವಾಗಿದ್ದು ಅಂತ ಗೊತ್ತಾಯಿತು. ಅಷ್ಟರಲ್ಲಿ 23 ದಿನ. ನಾನು ವಕೀಲರನ್ನು ಹಿಡಿದು, ಕೋರ್ಟಿಗೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು, ನನ್ನದೇ ಗಾಡಿಯನ್ನು ಸಾಲಕ್ಕೆ ತಂದ ಹಾಗೆ ಬಿಡಿಸಿಕೊಂಡು ಬಂದೆ. ಸೀಟ್ ಕವರ್ ಯಾರೋ ಕಿತ್ತುಕೊಂಡಿದ್ದರು. ಅದಕ್ಕೆ ಕಂಪ್ಲೇಂಟ್ ಕೊಡಲು ಧೈರ್ಯ ಬರಲಿಲ್ಲ.

ಈಗ ಇದರ ಲೆಕ್ಕ ನಿಮಗೆ ಹೇಳಿಕೊಡಬೇಕಾಗಿಲ್ಲ, ನಿಮ್ಮ ಇಲಾಖೆಗೆ ಗೊತ್ತಿರುವುದೇ. ಬರೀ ಚಾಸಿಸ್ ನಂಬರ್ ಇಟ್ಟುಕೊಂಡು ಯಾರೂ ನನ್ನ ಗಾಡಿ ಕದಿಯಲ್ಲ. ಬೇರೆ ಗಾಡಿ ಕದಿಯುತ್ತಾರೆ, ಅದಕ್ಕೆ ನನ್ನ ಗಾಡಿಯ ಹೆಸರಿಡುತ್ತಾರೆ. ಅದೇ ಮಾಡೆಲ್, ಅದೇ ಬಣ್ಣ, ಕೇಸಿಲ್ಲದ ನಂಬರ್ ಬೇಕು ಅವರಿಗೆ. ಕೊಳ್ಳುವವನು ಆ್ಯಪಿನಲ್ಲಿ ನೋಡಿದರೆ ಎಲ್ಲ ಸರಿ ಕಾಣಬೇಕು. ನಾವು ಜಾಹೀರಾತಿನಲ್ಲಿ ಬಣ್ಣ, ಇಸವಿ, ನಂಬರ್ ಪ್ಲೇಟ್, ಆರ್‌ಸಿ, ಚಾಸಿಸ್ ಎಲ್ಲ ಒಂದೇ ಜಾಗದಲ್ಲಿ ಜೋಡಿಸಿ ಇಡುತ್ತೇವೆ. ಅಂಗಡಿಯವನು ಅಳತೆ ಸಮೇತ ಬಟ್ಟೆ ಕತ್ತರಿಸಿ ಕೊಟ್ಟ ಹಾಗೆ, ಅವರು ಹೊಲಿಯುವುದಷ್ಟೇ ಬಾಕಿ.

ನಂಬರ್ ಗಾಡಿಯ ಮೇಲೇ ಇರುತ್ತದಲ್ಲ, ಬಗ್ಗಿ ನೋಡಿದರೆ ಯಾರಿಗೂ ಕಾಣುತ್ತದೆ, ಅದರಲ್ಲಿ ಗುಟ್ಟೇನು ಅಂತ ಒಬ್ಬ ಅಧಿಕಾರಿ ಕೇಳಿದರು. ನ್ಯಾಯವಾದ ಪ್ರಶ್ನೆ. ಹಾಗಾದರೆ ನೀವು ಅದನ್ನು ಗುಟ್ಟಿನ ಹಾಗೆ ಯಾಕೆ ಬಳಸುತ್ತೀರಿ? ಆನ್‌ಲೈನಿನಲ್ಲಿ ಟ್ಯಾಕ್ಸ್ ಕಟ್ಟಲು ಹೋದರೆ ಚಾಸಿಸ್ ನಂಬರಿನ ಕೊನೆಯ ಐದು ಅಂಕೆ ಹಾಕಿ ಅನ್ನುತ್ತದೆ. ಫೋನಿನಲ್ಲಿ ವರ್ಚುವಲ್ ಆರ್‌ಸಿ ಮಾಡಲು ಚಾಸಿಸ್, ಎಂಜಿನ್ ಎರಡರ ಕೊನೆಯ ಅಂಕೆ ಕೇಳುತ್ತದೆ. ನಾನು ಮೊಬೈಲ್ ನಂಬರ್ ಸೇರಿಸಲು ಹೋದಾಗ ಗಾಡಿ ನಂಬರ್, ಚಾಸಿಸ್ ನಂಬರ್, ಎಂಜಿನ್ ನಂಬರ್, ನೋಂದಣಿ ದಿನಾಂಕ, ಇಷ್ಟು ಕೇಳಿತು. ನಾಲ್ಕೂ ಒಂದೇ ಕಾರ್ಡಿನ ಮೇಲೆ ಅಚ್ಚಾಗಿವೆ! ಒಟಿಪಿ ಬರಬೇಕಾದ ಮೊಬೈಲನ್ನೇ ಬದಲಾಯಿಸಲು ಆ ಕಾರ್ಡಿನ ಫೋಟೋ ಸಾಕಾದರೆ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದ ಹಾಗಲ್ವಾ? ಬ್ಯಾಂಕ್ ಪಾಸ್‌ವರ್ಡ್ ಹೊರಗೆ ಹೋದರೆ ಬದಲಾಯಿಸಬಹುದು. ಇದನ್ನು ಬದಲಾಯಿಸಲು ಹೋದರೆ ನಾನೇ ಕಳ್ಳಿ ಆಗುತ್ತೇನೆ.

ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಬಂದರೆ ಎಲ್ಲ ಸರಿಹೋಗುತ್ತದೆ ಅಂದಿರಿ. 2019ರ ಏಪ್ರಿಲ್ 1ಕ್ಕೆ ಮುಂಚಿನ ಗಾಡಿಗಳಿಗೆಲ್ಲ ಹಾಕಿಸಿ ಅಂತ 2023ರ ಆಗಸ್ಟಿನಲ್ಲಿ ಆದೇಶ ಬಂತು. ನವೆಂಬರ್ 17 ಕಡೇ ದಿನ. ಆಮೇಲೆ ಆ ಕಡೇ ದಿನ ಎಷ್ಟು ಸಲ ಮುಂದೆ ಹೋಯಿತು ಅಂತ ನಿಮಗೇ ನೆನಪಿರಲಿಕ್ಕಿಲ್ಲ. ಬುಕ್ ಮಾಡಲು ಮತ್ತೆ ಅದೇ, ಚಾಸಿಸ್ ನಂಬರ್, ಎಂಜಿನ್ ನಂಬರ್. ಆ ಹದಿನೇಳರಲ್ಲಿ ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರ ಇರುವುದೇ ಇಲ್ಲ. ಅದು ಗೊತ್ತಿಲ್ಲದೆ ಸೊನ್ನೆ ಬದಲು ಒ ಹೊಡೆದು ಹೊಡೆದು ನನಗೆ ಸಾಕಾಯಿತು. ನಮ್ಮ ಬೀದಿಯವರೆಲ್ಲ ಏನು ಮಾಡಿದರು ಗೊತ್ತಾ? ಜೆರಾಕ್ಸ್ ಅಂಗಡಿ ಹುಡುಗನ ವಾಟ್ಸಾಪಿಗೆ ಆರ್‌ಸಿ ಫೋಟೋ ಕಳಿಸಿ ಐವತ್ತು ರೂಪಾಯಿ ಕೊಟ್ಟರು. ನಾನೂ ಕಳಿಸಿದೆ. ಆ ಹುಡುಗ ಒಳ್ಳೆಯವನೇ. ಆದರೆ ಅವನ ಫೋನಿನಲ್ಲಿ ಇವತ್ತಿಗೂ ನಮ್ಮ ಬೀದಿಯ ಅಷ್ಟೂ ಗಾಡಿಗಳ ಜಾತಕ ಇದೆ. ನನ್ನದು ಜಾಹೀರಾತಿನಿಂದ ಹೋಯಿತೋ, ಅಲ್ಲಿಂದ ಹೋಯಿತೋ, ಇನ್ಶೂರೆನ್ಸ್ ಏಜೆಂಟರಿಂದ ಹೋಯಿತೋ ನಾನು ಆಣೆ ಮಾಡಿ ಹೇಳಲಾರೆ.

ಅಸಲಿ ಪ್ಲೇಟಿನಲ್ಲಿ ಹಾಲೋಗ್ರಾಮ್ ಇದೆ, ಲೇಸರಿನಲ್ಲಿ ಕೊರೆದ ನಂಬರ್ ಇದೆ, ಬಿಚ್ಚಲಾಗದ ಲಾಕ್ ಇದೆ. ಸರಿ. ಚಲನ್ ಹಾಕುವ ಕ್ಯಾಮೆರಾ ಇದರಲ್ಲಿ ಯಾವುದನ್ನು ನೋಡುತ್ತದೆ? ಅದು ಓದುವುದು ದಪ್ಪಕ್ಷರ ಮಾತ್ರ. ನಕಲಿ ಗಾಡಿಗೂ ನೀಲಿ 'ಇಂಡ್' ಅಂತ ಇದ್ದ ಪ್ಲೇಟೇ ಇತ್ತು, ನಾನು ಕಣ್ಣಾರೆ ನೋಡಿದ್ದೇನೆ.

ಈ ಆನ್‌ಲೈನ್ ಕೆಲಸಗಳೆಲ್ಲ ನಡೆಯುವ ವಾಹನ್ ಪೋರ್ಟಲ್ ಕೇಂದ್ರದ್ದು, ನಮ್ಮ ಕೈಯಲ್ಲಿಲ್ಲ ಅಂತ ಉತ್ತರ ಬರುತ್ತದೆ. ಗೊತ್ತು. ಇದೇ ಕೇಂದ್ರ 2019ರಲ್ಲಿ ನಮ್ಮೆಲ್ಲರ ಗಾಡಿ ಮಾಹಿತಿಯನ್ನು ಕಂಪನಿಗಳಿಗೆ ವರ್ಷಕ್ಕೆ 3 ಕೋಟಿಗೆ ಕೊಡುತ್ತೇವೆ ಅಂತ ಪಾಲಿಸಿ ಮಾಡಿತ್ತು, ಖಾಸಗಿತನದ ಗಲಾಟೆ ಆದ ಮೇಲೆ 2020ರಲ್ಲಿ ವಾಪಸ್ ತಗೊಂಡಿತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲೇ ಜಡ್ಜ್ ಆಗಿದ್ದವರು. ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ಹೇಳುತ್ತಾನೆ, ಅಲ್ಲಿ ಕಾರಿನ ನಂಬರ್ ಮುಂದಿನ ಗಾಜಿನಲ್ಲೇ ಕಾಣುತ್ತದಂತೆ, ಆದರೆ ಮಾಲೀಕರ ಹೆಸರು, ವಿಳಾಸವನ್ನು ಸರ್ಕಾರಿ ಕಚೇರಿಯವರು ಕಂಡಕಂಡವರಿಗೆ ಕೊಡಬಾರದು ಅಂತ 1994ರಿಂದ ಕಾನೂನಿದೆಯಂತೆ. ನಾವೂ 2023ರಲ್ಲಿ ಒಂದು ಕಾನೂನು ಮಾಡಿಕೊಂಡಿದ್ದೇವೆ, ಡಿಜಿಟಲ್ ಮಾಹಿತಿ ರಕ್ಷಣೆಗೆ. ನನ್ನ ವಕೀಲರು ಓದಿ, 'ನೀವೇ ಪಬ್ಲಿಕ್ಕಾಗಿ ಹಾಕಿದ್ದಕ್ಕೆ ಇದು ಅನ್ವಯ ಆಗಲ್ಲ ಕಣಮ್ಮ' ಅಂದರು. ಅಂದರೆ ತಪ್ಪು ನನ್ನದು. ಕೇಳಿದ ವೆಬ್‌ಸೈಟಿನದ್ದಲ್ಲ.

ನಿಮ್ಮ ಕೈಯಲ್ಲಿ ಇರುವಷ್ಟನ್ನಾದರೂ ಮಾಡಿ. ಕೇಂದ್ರಕ್ಕೆ ಕಾಗದ ಬರೆದು ಚಾಸಿಸ್ ನಂಬರ್ ಬದಲು ಒಟಿಪಿ ಕೇಳಿ. ಹಳೆ ಗಾಡಿ ಮಾರುವ ವೆಬ್‌ಸೈಟಿನವರನ್ನು ಕರೆಸಿ, ಆರ್‌ಸಿ ಫೋಟೋ, ಚಾಸಿಸ್ ಫೋಟೋ ಎಲ್ಲರಿಗೂ ಕಾಣುವಂತೆ ಹಾಕಬೇಡಿ ಅಂತ ಹೇಳಿ. ಕೊಳ್ಳುವವನು ಮುಂದೆ ಬಂದಾಗ ತೋರಿಸಿದರೆ ಸಾಕಲ್ವಾ? ನಂಬರ್ ನಕಲಾಗಿದೆ ಅಂತ ದೂರು ಕೊಟ್ಟವರಿಗೆ ಒಂದು ಕಿಟಕಿ ಇಡಿ. ನಾನು ಆರ್‌ಟಿಒಗೆ ಹೋದರೆ ಪೊಲೀಸರ ಹತ್ತಿರ ಹೋಗಿ ಅಂದರು, ಪೊಲೀಸರು ಬೆಂಗಳೂರಿಗೆ ಹೋಗಿ ಅಂದರು, ಬೆಂಗಳೂರಿನವರು ನಿಮ್ಮೂರಿನಲ್ಲೇ ದೂರು ಕೊಡಿ ಅಂದರು. ಮತ್ತೆ ಹೇಳುತ್ತೇನೆ, ಒಟಿಪಿ ಕೇಳಿ, ಚಾಸಿಸ್ ನಂಬರ್ ಕೇಳಬೇಡಿ.

ಮೊನ್ನೆ ಬಂದ ಚಲನ್ ವಿಷಯ ಹೇಳುವುದನ್ನು ಮರೆತೆ. ಆ ಕಳವಿನ ಗಾಡಿ ಇನ್ನೂ ಠಾಣೆಯಲ್ಲೇ ಇದೆ. ನನ್ನದು ಮನೆ ಮುಂದೆ ಇದೆ. ಇದು ಹೊಸೂರಿನಿಂದ ಬಂದಿದೆ. ಅಂದರೆ ಮೂರನೆಯದೊಂದು ಓಡಾಡುತ್ತಿದೆ. ಮೆಸೇಜಿನಲ್ಲಿ ಒಂದು ಲಿಂಕ್ ಬೇರೆ ಇತ್ತು. ಚಲನ್ ಹೆಸರಿನಲ್ಲಿ ಆ್ಯಪ್ ಫೈಲ್ ಕಳಿಸಿ ಬ್ಯಾಂಕ್ ಖಾತೆ ಬಳಿಯುವವರೂ ಇದ್ದಾರಲ್ಲ. ನನ್ನ ಹೆಸರು, ಗಾಡಿ ನಂಬರ್ ಸರಿಯಾಗಿ ಬರೆದು ಕಳಿಸಿದರೆ ಯಾವುದು ಸರ್ಕಾರದ್ದು, ಯಾವುದು ಕಳ್ಳರದ್ದು ಅಂತ ಹೇಗೆ ಗೊತ್ತಾಗಬೇಕು? ಮಗಳು ಅರ್ಧ ಗಂಟೆ ಕೂತು ವೆಬ್‌ಸೈಟಿನಲ್ಲಿ ಹುಡುಕಿ ಇದು ನಿಜದ್ದೇ ಅಂದಳು. ಚಲನ್ ನಿಜದ್ದು ಅಂತ ಗೊತ್ತಾಗಿ ಸಮಾಧಾನ ಆಯಿತು ನೋಡಿ, ಎಂಥಾ ಗತಿ.

ನನ್ನ ಗಾಡಿ ನಂಬರನ್ನು ಇಲ್ಲಿ ಬರೆದಿಲ್ಲ, ಕಾರಣ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ನಿಮ್ಮ ಕಚೇರಿಯಿಂದ ಯಾರಾದರೂ ಮಾತಾಡಿದರೆ ಆ ಎರಡು ಟೇಪ್ ಅಂಟಿಸಿದ ಹಾಳೆಯ ಜೆರಾಕ್ಸ್ ತಗೊಂಡು ನಾನೇ ಬರುತ್ತೇನೆ. ಆರ್‌ಸಿ ಫೋಟೋ ವಾಟ್ಸಾಪ್ ಮಾಡಿ ಅಂತ ಮಾತ್ರ ಹೇಳಬೇಡಿ.

ಇಂತಿ,
ದಾವಣಗೆರೆಯ ಒಬ್ಬ ಟೈಲರ್