ಲೆಕ್ಕಕ್ಕೆ ಸಿಗದ ಮನೆಗಳು

ಮೂಡಿಗೆರೆ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ಲೈಬ್ರರಿ ಬಾಗಿಲು ಹಾಕಿದ ಮೇಲೂ ಮಕ್ಕಳು ಹೊರಗೆ ಕಾರಿನಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಾರೆ, ಒಳಗಿನ ವೈಫೈ ಅಲ್ಲಿಯವರೆಗೆ ಬರುತ್ತದೆ ಅಂದೆಯಲ್ಲ. ಅಮೆರಿಕದಲ್ಲೂ ಹೀಗಾ ಅನ್ನಿಸಿತು. ಆಮೇಲೆ 2020ರ ಒಂದು ಫೋಟೋ ನೆನಪಾಯಿತು. ಕ್ಯಾಲಿಫೋರ್ನಿಯಾದ ಸಲಿನಾಸ್‌ನಲ್ಲಿ ಇಬ್ಬರು ಪುಟ್ಟ ಹುಡುಗಿಯರು ಒಳಗಿನ ವೈಫೈಗಾಗಿ ಹೋಟೆಲಿನ ಹೊರಗೆ ನೆಲದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದರು. ಸಿಲಿಕಾನ್ ವ್ಯಾಲಿಯಿಂದ ಆ ಊರಿಗೆ ಸುಮಾರು 100 ಕಿಲೋಮೀಟರ್ ಅಷ್ಟೇ.

ಅದೇ ವರ್ಷ ಪುಷ್ಯ ಮಳೆಯಲ್ಲಿ ನಮ್ಮ ಪಕ್ಕದ ಲೈನ್ ಮನೆಯ ಹುಡುಗಿ ಕಂಬಳಿಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದಳು. ಎರಡು ಕಡ್ಡಿ ಸಿಗ್ನಲ್‌ಗೆ! ಕಾಲಿಗೆ ಹತ್ತಿದ ಇಂಬಳ ಕಿತ್ತು ಎಸೆಯುತ್ತಾ ಗಣಿತದ ಪಾಠ ಕೇಳುತ್ತಿದ್ದಳು. ನೋಡಲಾಗದೆ ಫೋನ್ ಕಂಪನಿಗೆ ದೂರು ಕೊಟ್ಟೆ. ನಿಮ್ಮ ಊರಿಗೆ ಟವರ್ ಇದೆ, ಕವರೇಜ್ ಇದೆ ಅಂದರು. ಟವರ್ ಇರುವುದು ರಸ್ತೆ ಪಕ್ಕದ ದಿಣ್ಣೆಯ ಮೇಲೆ. ನಾವಿರುವುದು ಗುಡ್ಡದ ಈಚೆ, ತಗ್ಗಿನಲ್ಲಿ. ಕಾಗದದಲ್ಲಿ ಮಾತ್ರ ಎರಡೂ ಒಂದೇ ಊರು.

ನಿಮ್ಮಲ್ಲೂ ಲೆಕ್ಕ ಹೀಗೇ ಇತ್ತು, ಗೊತ್ತಾ? ಜನಗಣತಿಗೆ ಅಂತ ಗುರುತು ಮಾಡಿದ ಒಂದು ತುಂಡು ಜಾಗದಲ್ಲಿ ಒಂದೇ ಮನೆಗೆ ಇಂಟರ್ನೆಟ್ ಸಿಗುವಂತಿದ್ದರೂ ಸಾಕು, ಆ ಇಡೀ ಜಾಗಕ್ಕೆ ಇದೆ ಅಂತ ಬರೆದುಕೊಳ್ಳುತ್ತಿದ್ದರು. ಹಳ್ಳಿ ಕಡೆ ಅಂಥ ಒಂದು ತುಂಡು ಮೈಲಿಗಟ್ಟಲೆ ಇರುತ್ತದೆ. 2022ರ ನವೆಂಬರಿನಲ್ಲಿ ಒಂದೊಂದು ಮನೆಯನ್ನೂ ಗುರುತಿಸುವ ಹೊಸ ನಕ್ಷೆ ಬಂತು. ಇಷ್ಟು ತಡವಾಗಿ ಯಾಕೆ ಅನ್ನುವುದೇ ನನ್ನ ಸಂಕಟ. ಇಲ್ಲ ಅಂತ ಬರೆದುಕೊಂಡರೆ ತಾನೇ ಯಾರಾದರೂ ಕೊಡಲು ಬರುವುದು?

ಮನೆವರೆಗೆ ಕೇಬಲ್ ಬಂದರೂ ಬಿಲ್ ಕಟ್ಟಬೇಕಲ್ವಾ. ಬಡವರ ಬಿಲ್ಲಿಗೆ ತಿಂಗಳಿಗೆ 30 ಡಾಲರ್‌ವರೆಗೆ ಸರ್ಕಾರವೇ ಕೊಡುವ ಯೋಜನೆಗೆ 2.3 ಕೋಟಿಗೂ ಜಾಸ್ತಿ ಮನೆಗಳು ಸೇರಿದ್ದವು. ದುಡ್ಡು ಮುಗಿಯಿತು ಅಂತ 2024ರ ಜೂನ್ 1ಕ್ಕೆ ನಿಲ್ಲಿಸಿಬಿಟ್ಟರು. ಅಷ್ಟು ಶ್ರೀಮಂತ ದೇಶ, ಮಾರಾಯ! ಓದಿ ಸಿಟ್ಟು ಬಂತು. ನೀನು ಹೇಳಿದ ಆ ಕಾರಿನ ಮಕ್ಕಳಲ್ಲಿ ಎಷ್ಟು ಜನ ಆ ಜೂನ್‌ನಿಂದ ಅಲ್ಲಿಗೆ ಬರುತ್ತಿದ್ದಾರೋ ಏನೋ.

ಆ ಹುಡುಗಿ ಈಗ ಹಾಸನದಲ್ಲಿ ಡಿಗ್ರಿ ಓದುತ್ತಿದ್ದಾಳೆ. ರಜೆಗೆ ಬಂದರೆ ಮತ್ತೆ ಅದೇ ಗುಡ್ಡ. ನೀನು ಹೇಳಿದ ಲೈಬ್ರರಿಯ ವಿಷಯ ಅವಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ, ರಾತ್ರಿ ಅಲ್ಲಿ ಲೈಟ್ ಇರುತ್ತಾ ಅಂತ. ಲೈಬ್ರರಿಯವರನ್ನು ಒಂದು ಮಾತು ಕೇಳಿ ನೋಡು. ಹೊರಗಿನ ದೀಪವನ್ನಾದರೂ ಮಕ್ಕಳು ಹೋಗುವವರೆಗೆ ಉರಿಸಲಿ.

ನಿನ್ನ ಗೆಳೆಯ