ತಾಯಿ ಸತ್ತ ಮೇಲೆ ಉಳಿದ ತತ್ತಿಗಳು: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಧಾರವಾಡದ ಅಂಗಡಿಯಲ್ಲಿ ಒಂದು ಪದ್ಧತಿ ಬದಲಾಗುತ್ತದೆ. ಅಪಿಸ್ಟೋಗ್ರಾಮಾ, ರ‍್ಯಾಮ್‌ನಂಥ ಸಣ್ಣ ಅಕ್ವೇರಿಯಂ ಮೀನುಗಳ, ಅಂದರೆ ಡ್ವಾರ್ಫ್ ಸಿಕ್ಲಿಡ್‌ಗಳ ತಾಯಿ ಸತ್ತು ತತ್ತಿ ಉಳಿದರೆ ಇಷ್ಟು ದಿನ ನೀವು ನಮ್ಮಲ್ಲಿಗೆ ತರುತ್ತಿದ್ದಿರಿ. ನಾವು ಮರಿ ಮಾಡಿ ಕೊಡುತ್ತಿದ್ದೆವು. ಇನ್ನು ಮುಂದೆ ತತ್ತಿ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಮರಿಗಳಿಗೆ ಬೇಕಾದ ಜೀವಂತ ಆಹಾರವನ್ನು ದಿನಾ ಬೆಳಿಗ್ಗೆ ತಯಾರು ಮಾಡಿ ಕೊಡುತ್ತೇವೆ. ಸಾಕುವುದು ನಿಮ್ಮ ಮನೆಯಲ್ಲೇ.

ಕಾರಣ ಇಷ್ಟೇ. ಹುಬ್ಬಳ್ಳಿಯಿಂದ ಬೈಕ್ ಮೇಲೆ ಡಬ್ಬಿಯಲ್ಲಿ ತತ್ತಿ ತಂದರೆ ದಾರಿಯುದ್ದಕ್ಕೂ ಅಲುಗಾಟ. ನವಲೂರು ದಾಟುವಷ್ಟರಲ್ಲಿ ನೀರು ತಣ್ಣಗಾಗಿರುತ್ತದೆ. ಇಲ್ಲಿ ಬಂದು ನೋಡಿದರೆ ಬಹಳಷ್ಟು ತತ್ತಿ ಬೆಳ್ಳಗೆ ಆಗಿರುತ್ತವೆ. ಇನ್ನೊಂದು ವಿಷಯ, ತಾಯಿ ಯಾವ ರೋಗದಿಂದ ಸತ್ತಿತೋ ಯಾರಿಗೂ ಗೊತ್ತಿರುವುದಿಲ್ಲ, ಅಲ್ವಾ? ಆ ರೋಗ ನಮ್ಮ ಟ್ಯಾಂಕುಗಳಿಗೆ ಬಂದರೆ ಬೇರೆಯವರ ಮೀನಿಗೂ ತೊಂದರೆ.

"ಅಣ್ಣಾರ, ಗಂಡು ನೋಡ್ಕೊಳ್ಳೋದಿಲ್ಲೇನ್ರಿ?" ಅಂತ ಬಹಳ ಜನ ಕೇಳುತ್ತಾರೆ. ರ‍್ಯಾಮ್‌ನಲ್ಲಿ ಗಂಡು ಹೆಣ್ಣು ಎರಡೂ ಕಾಯುತ್ತವೆ. ಅಪಿಸ್ಟೋದಲ್ಲಿ ತತ್ತಿ ಕಾಯುವುದು ಹೆಣ್ಣಿನ ಕೆಲಸ, ಗಂಡು ಸುತ್ತಲಿನ ಜಾಗ ಕಾಯುತ್ತದೆ. ಹೆಣ್ಣು ಹೋದ ಮೇಲೆ ಕೆಲವು ಗಂಡುಗಳು ತತ್ತಿಯನ್ನೂ ನೋಡಿಕೊಳ್ಳುತ್ತವೆ. ಆದರೆ ಸಣ್ಣ ಟ್ಯಾಂಕಿನಲ್ಲಿ ತಿಂದು ಮುಗಿಸುವುದೇ ಜಾಸ್ತಿ, ನಂಬಿ ಕೂರಬೇಡಿ. ಅದೇ ದಿನ ಇನ್ನೊಂದು ಹೆಣ್ಣು ತಂದು ಬಿಡುವುದಂತೂ ಬೇಡವೇ ಬೇಡ. ಆ ತತ್ತಿ ಅದಕ್ಕೆ ಬರೀ ಊಟ. ತತ್ತಿ ಇರುವ ಟ್ಯಾಂಕಿಗೆ ಅಂತ ಕೇಳಿದರೆ ನಾವು ಹೆಣ್ಣು ಮೀನು ಮಾರುವುದೂ ಇಲ್ಲ. ಬೇಜಾರಾಗಬೇಡಿ.

ಅಪಿಸ್ಟೋ ತತ್ತಿಗಳು ಟ್ಯಾಂಕಿನಲ್ಲಿ ಇಟ್ಟ ತೆಂಗಿನ ಚಿಪ್ಪಿನ ಒಳಗೆ, ಮೇಲ್ಭಾಗಕ್ಕೆ ಅಂಟಿಕೊಂಡಿರುತ್ತವೆ, ಕೆಂಪಗೆ ಸಣ್ಣಗೆ. ಚಿಪ್ಪನ್ನು ನೀರಿನಿಂದ ಹೊರಗೆ ಎತ್ತಬೇಡಿ. ಒಂದು ಬೋಗುಣಿಯನ್ನು ಟ್ಯಾಂಕಿನೊಳಗೇ ಮುಳುಗಿಸಿ, ಚಿಪ್ಪನ್ನು ಅದರಲ್ಲಿ ಕೂರಿಸಿ, ನೀರಿನ ಸಮೇತ ತೆಗೆಯಿರಿ. ಅದೇ ಟ್ಯಾಂಕಿನ ನೀರು ತುಂಬಿದ ಸಣ್ಣ ಡಬ್ಬಕ್ಕೆ ಇಳಿಸಿ. ಪಕ್ಕದಲ್ಲಿ ಏರ್ ಸ್ಟೋನ್ (ಗಾಳಿಯ ಗುಳ್ಳೆ ಬಿಡುವ ಕಲ್ಲು) ಇಡಿ. ತಾಯಿ ರೆಕ್ಕೆ ಬೀಸಿ ನೀರು ಆಡಿಸುತ್ತಿದ್ದಳಲ್ಲ, ಆ ಕೆಲಸ ಇದು ಮಾಡುತ್ತದೆ. ಗುಳ್ಳೆಗಳು ನೇರವಾಗಿ ತತ್ತಿಗೆ ಬಡಿಯಬಾರದು. ನೀರು ತಿಳಿ ನೀಲಿ ಆಗುವಷ್ಟು ಮೆಥಿಲೀನ್ ಬ್ಲೂ (ಬೂಷ್ಟು ತಡೆಯುವ ನೀಲಿ ಔಷಧಿ) ಹಾಕಿ. ಬಿಳಿ ತತ್ತಿ ಕಂಡರೆ ಡ್ರಾಪರ್‌ನಿಂದ ತೆಗೆದುಬಿಡಿ. ಇಲ್ಲದಿದ್ದರೆ ಬೂಷ್ಟು ಪಕ್ಕದ ತತ್ತಿಗೂ ಹಬ್ಬುತ್ತದೆ.

26-27 ಡಿಗ್ರಿಯಲ್ಲಿ ಸುಮಾರು 3 ದಿನಕ್ಕೆ ತತ್ತಿ ಒಡೆಯುತ್ತದೆ. ಆಮೇಲೆ ಸುಮಾರು 5 ದಿನ ಮರಿಗಳು ತಳದಲ್ಲಿ ಗುಂಪಾಗಿ ಬಾಲ ಆಡಿಸುತ್ತಾ ಬಿದ್ದಿರುತ್ತವೆ. ಹೊಟ್ಟೆಗೆ ಅಂಟಿದ ಚೀಲವೇ ಆಗ ಅವುಗಳ ಊಟ. ಏನೂ ಹಾಕಬೇಡಿ. ಸುಮ್ನೆ ನೀರು ಕೆಡುತ್ತದೆ, ಅಷ್ಟೇ. ಎದ್ದು ಈಜಲು ಶುರುಮಾಡಿದ ದಿನ ನಮ್ಮ ಹತ್ತಿರ ಬನ್ನಿ.

ಆಗ ಬೇಕಾಗುವುದು ಆಗಷ್ಟೇ ಹುಟ್ಟಿದ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಸಿಗಡಿಯಂಥ ಪುಟ್ಟ ಜೀವಿ. ಅದರ ತತ್ತಿಯ ಡಬ್ಬಿ ದುಬಾರಿ, ತೆರೆದ ಮೇಲೆ ತೇವ ತಾಗಿದರೆ ಕೆಡುತ್ತದೆ. ಒಂದು ಮನೆಯವರು ಒಂದು ಡಬ್ಬಿ ಕೊಂಡು ಪೂರ್ತಿ ಖಾಲಿ ಮಾಡುವುದು ಕಷ್ಟ. ಅದಕ್ಕೇ ನಾವು ಎಲ್ಲರಿಗೂ ಸೇರಿಸಿ ಆರ್ಟೀಮಿಯಾ ಮರಿ ಮಾಡುತ್ತೇವೆ. ಲೀಟರ್ ನೀರಿಗೆ 30 ಗ್ರಾಂ ಹರಳುಪ್ಪು, ಜೋರಾಗಿ ಗಾಳಿ, 28 ಡಿಗ್ರಿ ಶಾಖ. 24ರಿಂದ 36 ಗಂಟೆಯಲ್ಲಿ ಮರಿ ಸಿದ್ಧ. ಸೋಸಿ, ತೊಳೆದು ಸಣ್ಣ ಬಾಟಲಿಯಲ್ಲಿ ಕೊಡುತ್ತೇವೆ. ಬಾಟಲಿಗೆ 20 ರೂಪಾಯಿ. ಮನೆಗೆ ಹೋದ ತಕ್ಷಣ ಹಾಕಿ, ತಡವಾದಷ್ಟೂ ಅದರ ಸತ್ವ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಟಾರ್ಚ್ ಹಿಡಿದು ನೋಡಿ. ಮೀನಿನ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಉಬ್ಬಿದ್ದರೆ ತಿಂದಿದೆ ಎಂದರ್ಥ. ತಿನ್ನದೆ ಉಳಿದದ್ದು ಸಿಹಿನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ, ಅದನ್ನು ಏರ್ ಪೈಪಿನಿಂದ ಎಳೆದು ತೆಗೆಯಿರಿ. ರ‍್ಯಾಮ್ ಮರಿ ಇನ್ನೂ ಸಣ್ಣದು. ಅದಕ್ಕೆ ಮೊದಲ ಒಂದೆರಡು ದಿನ ಮೈಕ್ರೋವರ್ಮ್ ಎಂಬ ಬಹಳ ಸಣ್ಣ ಹುಳು ಕೊಡುತ್ತೇವೆ.

ನೀರಿನ ಬಗ್ಗೆ ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇವೆ. ಸವದತ್ತಿಯ ರೇಣುಕಾ ಸಾಗರದಿಂದ ಬರುವ ಮಲಪ್ರಭೆ ನೀರಾದರೂ ನಳಕ್ಕೆ ಬರುವಾಗ ಅದರಲ್ಲಿ ಕ್ಲೋರಿನ್ ಇರುತ್ತದೆ. ನಳ ಬಂದ ದಿನ ಒಂದು ಬಕೆಟ್ ಬೇರೆ ತುಂಬಿಟ್ಟು, ರಾತ್ರಿಯೆಲ್ಲಾ ಏರ್ ಪಂಪ್ ಹಚ್ಚಿ. ಮರಿ ಟ್ಯಾಂಕಿನಲ್ಲಿ ದಿನಾ ಹತ್ತನೇ ಒಂದು ಭಾಗ ಅದೇ ಶಾಖದ ನೀರಿನಿಂದ ಬದಲಿಸಿ. ಗಡಸು ಬೋರ್ ನೀರು ಬೇಡ. ಫಿಲ್ಟರ್ ಸ್ಪಾಂಜಿನದೇ ಇರಲಿ, ಬೇರೆಯದು ಮರಿಗಳನ್ನು ಎಳೆದುಕೊಳ್ಳುತ್ತದೆ.

ಬೇಗ ಬೆಳೆಯಲಿ ಅಂತ ಹೀಟರ್ ಏರಿಸಬೇಡಿ. 1996ರಲ್ಲಿ ರೋಮರ್ ಮತ್ತು ಬೈಸನ್‌ಹರ್ಟ್ಜ್ ಎಂಬ ಜರ್ಮನ್ ಸಂಶೋಧಕರು 37 ಬಗೆಯ ಅಪಿಸ್ಟೋಗಳನ್ನು ಪರೀಕ್ಷಿಸಿದ್ದರು. ಹೆಚ್ಚಿನವುಗಳಲ್ಲಿ ಶಾಖ ಏರಿದರೆ ಗಂಡು ಜಾಸ್ತಿ, ಇಳಿದರೆ ಹೆಣ್ಣು ಜಾಸ್ತಿ. 30 ಡಿಗ್ರಿಯಲ್ಲಿ ಸಾಕಿ ಆಮೇಲೆ "ಎಲ್ಲಾ ಗಂಡೇ ಆದವಲ್ರೀ" ಅಂದರೆ ನಾವೇನು ಮಾಡೋಣ? 26ಕ್ಕೆ ಇಡಿ.

ಈಗಾಗಲೇ ನಮ್ಮಲ್ಲಿ ಬಿಟ್ಟಿರುವ ತತ್ತಿ, ಮರಿಗಳನ್ನು ದೊಡ್ಡವು ಮಾಡಿ ನಿಮಗೇ ಕೊಡುತ್ತೇವೆ. ಅದಕ್ಕೆ ಹಳೆಯ ದರವೇ. ಆರ್ಟೀಮಿಯಾ ಬೆಳಿಗ್ಗೆ 9ರಿಂದ 11ರವರೆಗೆ ಮಾತ್ರ ಸಿಗುತ್ತದೆ, ರವಿವಾರವೂ ಸೇರಿ. ಎಷ್ಟು ಬಾಟಲಿ ಬೇಕು ಅಂತ ಹಿಂದಿನ ದಿನ ಮಧ್ಯಾಹ್ನದೊಳಗೆ ತಿಳಿಸಿ. ಬಾಟಲಿ ವಾಪಸ್ ತಂದರೆ 5 ರೂಪಾಯಿ ಕಡಿಮೆ.

ಇಂತಿ,
ನಿಮ್ಮ ಮೀನಿನ ಅಂಗಡಿಯವರು, ಧಾರವಾಡ